ಗೂಬೆಯ ಹೊತ್ತು

ನೀರಿಗೂ ಜ್ವರ ಬರುತ್ತದೆ ಎಂದರೆ
ನಗುತ್ತಾನೆ ಒಹಾಯೋದಿಂದ ಬಂದ ಗಿರಾಕಿ.
ಲೋರ್ನಾ ಟ್ವೈಟ್ ನಗುವುದಿಲ್ಲ.
ಬೂಟಿನ ಲೇಸಿಗೆ ಕಟ್ಟಿದ ಥರ್ಮಾಮೀಟರನ್ನು
ಬಂಡೆಯ ನೆರಳಲ್ಲಿ ಹೊಳೆಗೆ ಇಳಿಬಿಟ್ಟು
ನೂರು ಎಣಿಸುತ್ತಾಳೆ,
ಕಾಯಿಲೆ ಮಗುವಿನ ಕಂಕುಳಿಗಿಟ್ಟು ಕಾಯುವ ಹಾಗೆ.

ಅರವತ್ತಾರು. ಬೆಳಗಿನ ಒಂಬತ್ತೂವರೆಗೇ.

ಮೊಂಟಾನಾದ ಆಗಸ್ಟ್. ಗುಡ್ಡದಾಚೆ ಕಾಡು ಉರಿದು
ಸೂರ್ಯ ತಾಮ್ರದ ಬಿಲ್ಲೆ.
ಹಿಮ ಕರಗಿ ಮುಗಿದು ತಿಂಗಳಾಯಿತು,
ಹೊಳೆಗೆ ಪಕ್ಕೆಲುಬು ಎದ್ದಿದೆ.

ದಡದ ಹಲಗೆಯಲ್ಲಿ ಇಲಾಖೆಯ ನೋಟೀಸು:
ಮಧ್ಯಾಹ್ನ ಎರಡರಿಂದ ನಡುರಾತ್ರಿವರೆಗೆ ಗಾಳ ಹಾಕುವಂತಿಲ್ಲ.
ಇಲ್ಲಿಯವರ ಬಾಯಲ್ಲಿ ಇದು ಗೂಬೆಯ ಹೊತ್ತು.
ಕಿಡಿ ಹತ್ತೀತೆಂದು ಹಿಂದೆ ಮರ ಕಡಿಯುವವರು
ಗೂಬೆ ಕೂಗುವ ನಸುಕಲ್ಲೇ ಕೆಲಸ ಮುಗಿಸುತ್ತಿದ್ದರಂತೆ.
ನನ್ನ ಭಾಷೆಯಲ್ಲಾದರೆ ಗೂಬೆ ಕೂರುವುದು
ಯಾರದಾದರೂ ತಲೆಯ ಮೇಲೆ.

ಹನ್ನೊಂದಕ್ಕೆ ಅವನ ಹುಸಿನೊಣಕ್ಕೆ
ಟ್ರೌಟ್ ಒಂದು ಬಾಯಿ ಹಾಕಿತು.
"ಬೇಗ ಎಳಿ, ಆಟ ಆಡಿಸಬೇಡ."
ಬಲೆ ನೀರೊಳಗೇ ಇತ್ತು. ಕೈ ಒದ್ದೆ ಮಾಡಿಕೊಂಡು
ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆ ತಿರುಗಿಸಿ ಬಿಡಿಸಿದಳು.
ಫೋಟೋಗೆಂದು ಅವನು ಜೇಬು ತಡಕುವಷ್ಟರಲ್ಲಿ
ಮೊಳದುದ್ದದ ಕಂದು ಮೈ, ಕುಂಕುಮದ ಚುಕ್ಕೆ,
ಹರಿವಿಗೆ ಮುಖಮಾಡಿ ಎರಡು ಸಲ ಕಿವಿರು ತೆರೆದು
ಅವಳ ಬೆರಳಿನಿಂದ ತಾನಾಗಿ ಹೊರಟಿತು.

ಮತ್ತೆ ಥರ್ಮಾಮೀಟರು.
ಅರವತ್ತೆಂಟು, ಕೂದಲೆಳೆ ಮೇಲೆ.
"ಸಾಕು," ಅಂದಳು, ನೂಲು ಸುತ್ತುತ್ತ.
"ಎರಡಕ್ಕೆ ಇನ್ನೂ ಮೂರು ಗಂಟೆಯಿದೆ! ಕಾನೂನೇ ಬಿಟ್ಟಿದೆ!"
"ಕಾನೂನು ಗಡಿಯಾರ ನೋಡುತ್ತದೆ. ಮೀನು ನೋಡುವುದಿಲ್ಲ."
ಅರ್ಧ ದುಡ್ಡು ಎಣಿಸಿ ಕೊಟ್ಟಳು.
ಕಾರಿನ ಬಾಗಿಲಿಗೆ ಅವನ ಸಿಟ್ಟೆಲ್ಲ.

ಅವನಿಗೆ ಹೇಳದೆ ಉಳಿದದ್ದು:
ಆರು ವರ್ಷದ ಹಿಂದೆ, ಇಂಥದೇ ಸೆಖೆ, ಇಳಿಮಧ್ಯಾಹ್ನ,
ದವಡೆಯಲ್ಲಿ ಹಳೆ ಗಾಯವಿದ್ದ ಹೆಣ್ಣು ಮೀನು.
ಎತ್ತಿ ಹಿಡಿದು ಮೂರು ಫೋಟೋ.
ಬಿಟ್ಟಾಗ ಈಜಿಯೇ ಹೋಗಿತ್ತು.
ಬದುಕಿತು ಅಂದುಕೊಂಡು ಸಂಜೆ ಬಿಯರ್ ಕುಡಿದಿದ್ದಳು.
ಮರುದಿನ ಕೆಳಗಿನ ತಿರುವಿನಲ್ಲಿ
ವಿಲೋ ಬೇರಿಗೆ ಸಿಕ್ಕ ಬಿಳಿ ಹೊಟ್ಟೆ.
ಅದೇ ದವಡೆ.

ಸಂಜೆ ಒಬ್ಬಳೇ ಬರುತ್ತಾಳೆ, ಗಾಳವಿಲ್ಲದೆ.
ತಣ್ಣನೆಯ ಒರತೆಯೊಂದು ಹೊಳೆ ಸೇರುವಲ್ಲಿ
ಬಾಲಕ್ಕೆ ಮೂಗು ತಾಗಿಸಿ ಮೂವತ್ತು ನಲವತ್ತು ಮೀನು,
ನಲ್ಲಿ ಮುಂದಿನ ಕೊಡಗಳ ಸಾಲು,
ಒಂದೊಂದು ಉಸಿರಿಗೆ ಪಾಳಿ.
ತನ್ನ ನೆರಳು ಅವುಗಳ ಮೇಲೆ ಬಿದ್ದದ್ದು ಕಂಡು
ಎರಡು ಹೆಜ್ಜೆ ಹಿಂದೆ ಸರಿದು ಕೂರುತ್ತಾಳೆ.
ಜೇಬಿನಲ್ಲಿ ಥರ್ಮಾಮೀಟರು
ಅವಳದೇ ಬಿಸಿ ಅಳೆಯುತ್ತಿದೆ.