ದುಂಡು ಗಾಜುಗಳ ಮುಂದೆ

ಶೆಫೀಲ್ಡಿನ ಅಬ್ಬಿಡೇಲ್ ರಸ್ತೆಯಲ್ಲಿ ಬಟ್ಟೆ ಒಗೆವ ಅಂಗಡಿ,
ಹದಿನಾಲ್ಕು ಮಿಷನ್ನು, ಹದಿನಾಲ್ಕು ದುಂಡು ಗಾಜು.
ಹೊರಗೆ ನಾಲ್ಕಕ್ಕೇ ಕತ್ತಲು. ಒಳಗೆ ಬೆಂಚಿನ ಮೇಲೆ
ನಾವು ನಾಲ್ವರು, ಟಿ.ವಿ. ಮುಂದೆ ಕೂತವರ ಹಾಗೆ,
ಯಾರದೋ ಚಾದರ ಬೋರಲು ಬೀಳುವುದನ್ನೇ ನೋಡುತ್ತ.
ಮಾತು ಎಲ್ಲಿಂದಲೋ ಹೊರಟು ಹಾಡಿನ ವಿಡಿಯೊಗಳಿಗೆ ಬಂತು:
ಯಾವ ಕಾಲದ್ದು ಚಂದ?

ಮೋರೀನ್, ಅಂಗಡಿಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು,
ಎಂಬತ್ತರ ದಶಕವನ್ನು ಬಿಟ್ಟುಕೊಡಲಿಲ್ಲ.
"ಮೇಣದಬತ್ತಿ! ಕೋಣೆ ತುಂಬ ಮೇಣದಬತ್ತಿ.
ಕಿಟಕಿಯೇ ಇಲ್ಲ, ಪರದೆ ಮಾತ್ರ ಹಾರುತ್ತಿದೆ.
ಹಾಗೇ ಕೂದಲು ಹಾರಲೆಂದು ನಾನು
ಅಮ್ಮನ ಹೇರ್ ಡ್ರೈಯರ್ ಸುಟ್ಟೆ."

ಬಸ್ಸು ಓಡಿಸಿ ರಿಟೈರಾದ ಡೆಸ್ಮಂಡ್ ನಕ್ಕರು.
"ಅದೆಲ್ಲ ಬಾಡಿಗೆ ಗಾಳಿ.
ಎಪ್ಪತ್ತೊಂಬತ್ತರಲ್ಲಿ ನಮ್ಮ ಬೀದಿಗೇ ಬಂದರು,
ಒಂದು ಕ್ಯಾಮೆರಾ, ಐದು ಹುಡುಗರು, ಸೆಟ್ಟಿಲ್ಲ, ಪೌಡರಿಲ್ಲ.
ಎರಡನೇ ಚರಣಕ್ಕೆ, ಎಡಗಡೆಯ ಅಂಚಿನಲ್ಲಿ
ಒಂದು ಮೊಣಕೈ ಬಂದು ಹೋಗುತ್ತದೆ. ಅದು ನಂದು."
ತೋಳು ಮೇಲೇರಿಸಿ ತೋರಿಸಿದರು. ನೋಡಿದೆವು:
ಒಣಗಿದ ಚರ್ಮ, ಒಂದು ಹಳೇ ಗಾಯದ ಗುರುತು.

ಹತ್ತೊಂಬತ್ತರ ಬೆತನಿಗೆ ಇದೆಲ್ಲ ಶಿಲಾಯುಗ.
ಅವಳದ್ದು ಒಂದು ಬಚ್ಚಲು, ಒಂದು ಫೋನು,
ಹಲ್ಲುಜ್ಜುತ್ತಲೇ ಹಾಡುವ ಹುಡುಗಿ, ಒಂದೂ ಕಟ್ ಇಲ್ಲ.
ತೋರಿಸು ಅಂದರೆ ಸಿಗ್ನಲ್ ಇಲ್ಲ.
ಎದ್ದು ನಿಂತು, ಬಾಯಿಗೆ ಬೆರಳಿಟ್ಟು, ತಾನೇ ಆಡಿದಳು.
ಏಳನೇ ಮಿಷನ್ನು ತಾಳ ಹಾಕಿತು.

"ನಿನ್ನದು?"

ನನ್ನದು ಕದ್ದದ್ದು.
ದಾವಣಗೆರೆ, ತೊಂಬತ್ತಮೂರು, ಹೊಸ ಕೇಬಲ್ಲು.
ಕೆಂಪು ಕೋಟಿನವನೊಬ್ಬ ಬಂಡೆಯ ತುದಿಯಲ್ಲಿ ನಿಂತು
ಗಿಟಾರಿಗೆ ಬಯ್ಯುತ್ತಿದ್ದ. ಮತ್ತೆ ಬರುತ್ತಾನೋ ಇಲ್ಲವೋ ಎಂದು
ಕೈಗೆ ಸಿಕ್ಕ ಕ್ಯಾಸೆಟ್ಟು ತುರುಕಿ ಗುಂಡಿ ಒತ್ತಿದೆ.
ಅದು ವಿಮಲಾಕ್ಷಿ ಚಿಕ್ಕಮ್ಮನ ಮದುವೆ.

ಈಗಲೂ ಹಾಗೇ ಇದೆ. ಅಂತರಪಟ ಹಿಡಿದಿದ್ದಾರೆ,
ಪುರೋಹಿತರು ಬಾಯಿ ತೆರೆಯುತ್ತಾರೆ,
ಬಂಡೆ, ಸಮುದ್ರ, ಕೆಂಪು ಕೋಟು,
ಮೂರು ನಿಮಿಷ ನಲವತ್ತು ಸೆಕೆಂಡು.
ಧಾರೆಯಿಲ್ಲ, ತಾಳಿಯಿಲ್ಲ.
ಮತ್ತೆ ನೋಡಿದರೆ ಎಲ್ಲರೂ ಹೋಳಿಗೆ ಉಣ್ಣುತ್ತಿದ್ದಾರೆ.

ಅಪ್ಪ ಬಾಸುಂಡೆ ಬರುವಂತೆ ಬಾರಿಸಿದರು.
ಚಿಕ್ಕಮ್ಮ ಏನೂ ಅನ್ನಲಿಲ್ಲ.
ಏಳು ವರ್ಷದ ಮೇಲೆ, ಒಂದೇ ಟ್ರಂಕಿನೊಡನೆ ವಾಪಸು ಬಂದ ರಾತ್ರಿ
ಆ ಕ್ಯಾಸೆಟ್ಟು ಹುಡುಕಿಸಿದಳು. ಬಂಡೆ ಬಂದಾಗ
"ಸೌಂಡು ಜಾಸ್ತಿ ಮಾಡೇ" ಅಂದಳು.

ಮೋರೀನ್‌ಗೆ ಧಾರೆ ಅಂದರೇನೆಂದು ಹೇಗೆ ಹೇಳುವುದು?
ಅವಳ ಅಂಗೈ ಮೇಲೆ ಇಲ್ಲದ ನೀರು ಸುರಿದೆ.
ಡೆಸ್ಮಂಡ್ ಹಾಡು ಯಾವುದೆಂದರು. ಮಾತು ಆಗಲೂ ತಿಳಿದಿರಲಿಲ್ಲ,
ಗುನುಗಿದೆ. ಯಾರಿಗೂ ಗುರುತು ಹತ್ತಲಿಲ್ಲ.
"ಇಲ್ಲಿ ಓಡಿರಲಿಕ್ಕಿಲ್ಲ ಬಿಡು."

ಅಷ್ಟರಲ್ಲಿ ನನ್ನ ಮಿಷನ್ನು ಕೊನೇ ಸುತ್ತಿಗೆ ಎದ್ದು
ಗಡಗಡ ನಡುಗಿತು. ಗಾಜಿನೊಳಗೆ ಒಂದು ಕೆಂಪು ಕಾಲುಚೀಲ,
ನಾನು ಹಾಕಿದ್ದಲ್ಲ. ಬೆತನಿ ಕಂಡು ಕೂಗುವ ಹೊತ್ತಿಗೆ
ಬಿಳಿಯದೆಲ್ಲ ಗುಲಾಬಿ.