ಕಳೆದ ಏಳು ದಿನ

ಬೊಮ್ಮನಕಟ್ಟೆ, ಆಶ್ರಯ ಬಡಾವಣೆ, ನಲ್ಲಿ ಪಕ್ಕದ ಮನೆ.
ನಾಯಿ ಇದೆ, ಏನೂ ಮಾಡಲ್ಲ ಅಂದರು.
ಮೆಟ್ಟಿಲ ಮೇಲೆ ಟ್ಯಾಬ್ ತೆರೆದು ಓದಿದೆ
(ಇದ್ದ ಹಾಗೇ ಓದಬೇಕು, ನಮ್ಮ ಮಾತು ಸೇರಿಸಬಾರದು):
ಕಳೆದ ಏಳು ದಿನಗಳಲ್ಲಿ
ಒಂದು ಗಂಟೆಯಾದರೂ
ಆದಾಯ ತರುವ ಕೆಲಸ ಮಾಡಿದ್ದೀರಾ?

ಹಾಲೇಶಪ್ಪ ಬೆರಳು ಮಡಚಿದ.
ಸೋಮವಾರ ಇಲ್ಲ. ಮಂಗಳವಾರ ಇಲ್ಲ.
ಬುಧವಾರ ಆ ಬಾಡಿಗೆ ಕಟ್ಟಡದ ಮೇಷ್ಟ್ರಿಗೆ
ಮೂರನೇ ಮಹಡಿಗೆ ಸಿಲಿಂಡರ್ ಹೊತ್ತುಕೊಟ್ಟೆ,
ಮೂವತ್ತು ರೂಪಾಯಿ.
ಎಷ್ಟು ಹೊತ್ತಾಯ್ತು?
"ಹತ್ತು ನಿಮಿಷ. ಏದುಸಿರು ಇಳಿಯೋಕೆ ಅರ್ಧ ಗಂಟೆ.
ಅದನ್ನೂ ಹಿಡಕಳ್ತೀರಾ?"
ಹಿಡಿದರೂ ನಲವತ್ತು.
ಇನ್ನಿಪ್ಪತ್ತು ನಿಮಿಷ ಎಲ್ಲಾದರೂ ಸಿಕ್ಕಿದ್ದರೆ
ಅವನು ನಿರುದ್ಯೋಗಿ ಆಗುತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಫೌಂಡ್ರಿಯಲ್ಲಿ ಅಚ್ಚು ಕಟ್ಟಿದವನು.
ಪಕ್ಕದವರು ಗಿಲಾವಿಗೆ ತರಿಸಿದ ಮರಳನ್ನು
ಮಾತಾಡುತ್ತಲೇ ಒಂದು ಹಿಡಿ ಎತ್ತಿಕೊಂಡ,
ಅಮುಕಿದ, ಮುರಿದ, ಮುರಿದ ಅಂಚು ನೋಡಿದ.
"ಜಿಗುಟಿಲ್ಲ. ಆಗಲ್ಲ ಇದು" ಅಂದ.
ಯಾರೂ ಕೇಳಿರಲಿಲ್ಲ.

ತುಂಗಾನಗರದಲ್ಲಿ ಜರೀನಾ.
ಮಂಡಿಯ ಮೇಲೆ ಸೀರೆ, ಹಲ್ಲಿನ ನಡುವೆ ದಾರ.
ಅವಳ ಪರವಾಗಿ ಒಳಗಿನಿಂದ ಗಂಡ:
"ಅವಳಿಗೆಂಥ ಕೆಲಸ ಮೇಡಂ, ಮನೇಲೇ ಇರ್ತಾಳೆ."
ಫಾಲ್ ಹೊಲಿದು ಮಡಚಿಟ್ಟ ನಾಲ್ಕು ಸೀರೆ ಕಣ್ಣೆದುರೇ ಇವೆ.
ಟ್ಯಾಬ್ ಕೇಳುತ್ತದೆ: ಮನೆಗೆಲಸ ಮಾತ್ರವೇ?
ಅವಳು ದಾರ ಕಡಿದಳು.
"ಒಂದಕ್ಕೆ ನಲವತ್ತು ರೂಪಾಯಿ" ಅಂದಳು,
ಬೆಲೆ ಕೇಳಿದ ಗಿರಾಕಿಗೆ ಹೇಳುವ ಹಾಗೆ.

ಗೋಪಾಳದಲ್ಲಿ ಯೋಗೀಶ, ಡಿಪ್ಲೊಮಾ ಮೆಕ್ಯಾನಿಕಲ್.
ಭಾನುವಾರ, ಅದಕ್ಕೇ ಮನೆಯಲ್ಲಿದ್ದ.
ಜೋರಾಗಿ, ಅಡುಗೆಮನೆಗೆ ಕೇಳುವ ಹಾಗೆ:
"ಮಾಚೇನಹಳ್ಳಿ. ಕ್ವಾಲಿಟಿ ಸೆಕ್ಷನ್. ಒಂಬತ್ತರಿಂದ ಐದೂವರೆ."
ಹೇಳುತ್ತಲೇ, ನನ್ನ ಲೋಟದಿಂದ ಚೆಲ್ಲಿದ ನೀರಲ್ಲಿ
ಮೇಜಿನ ಮೇಲೆ ಬೆರಳಿಂದ ಬರೆದ: ೮೧.

ಅದು ಹೊರಗಿನವರಿಗೆ ಗೊತ್ತಿರುವ ಸಂಖ್ಯೆ ಅಲ್ಲ.
ಕೆಲಸ ಹುಡುಕುತ್ತಿರುವವರು,
ನಮ್ಮ ಕೈಪಿಡಿಯಲ್ಲಷ್ಟೇ ಇರುವುದು.
ನಿನಗೆ ಹೇಗೆ ಗೊತ್ತು ಅಂತ ಹುಬ್ಬಲ್ಲೇ ಕೇಳಿದೆ.
ಪಿಸುಗುಟ್ಟಿದ: "ನಿಮ್ಮ ಪೋಸ್ಟಿಗೆ ನಾನೂ ಬಂದಿದ್ದೆ.
ಎರಡು ದಿನ ಟ್ರೈನಿಂಗೂ ಆಯ್ತು.
ವೇಟಿಂಗ್ ಲಿಸ್ಟಲ್ಲಿ ಒಂದನೇ ನಂಬರ್."
ಒಂದು ಎಂದರೆ ನಾನು ಬಿಟ್ಟರೆ ಅವನು.
ಅವನಮ್ಮ ಕಾಫಿ ತಂದರು.
"ಬೆಳಿಗ್ಗೆದ್ದು ಇವನಿಗೆ ಡಬ್ಬಿ ಕಟ್ಟೋದೇ ನಂಗೊಂದು ಖುಷಿ ನೋಡಿ."
ಅವನು ಅಂಗೈಯಿಂದ ಮೇಜು ಒರೆಸಿದ.
ಆ ಡಬ್ಬಿ ಯಾವ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಲ್ಲಿ ಬಿಚ್ಚುತ್ತದೋ,
ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.

ಆಫೀಸಿನಲ್ಲಿ ಗೆರೆ ಇಳಿಯುತ್ತಿದೆ.
ಸೂಪರ್‌ವೈಸರ್ ಪರದೆ ಮೇಲೆ ತೋರಿಸಿದರು,
ಹೋದ ಸಲಕ್ಕಿಂತ ಪಾಯಿಂಟ್ ಮೂರು ಕಡಿಮೆ.
ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ
ಹನ್ನೊಂದು ಜನ ಕೂತಿದ್ದೆವು,
ಮೂವತ್ತನೇ ತಾರೀಕಿಗೆ ಗುತ್ತಿಗೆ ಮುಗಿಯುವ ಹನ್ನೊಂದು ಜನ.
ಆ ಇಳಿಜಾರಿನಲ್ಲಿ ಜರೀನಾಳ ನಾಲ್ಕು ಸೀರೆ ಇವೆ.
ಹಾಲೇಶಪ್ಪನ ನಲವತ್ತು ನಿಮಿಷ ಇಲ್ಲ.
ಯೋಗೀಶನಿಗೆ ಯಾವುದನ್ನು ಒತ್ತಿದೆ, ಹೇಳಲಾರೆ.
ಗುಟ್ಟು ಕಾಯುತ್ತೇನೆಂದು ಸಹಿ ಹಾಕಿದ್ದೇನೆ.

ಸಂಜೆ ಆಲ್ಕೊಳ ಸರ್ಕಲ್‌ನಲ್ಲಿ ಚರಂಡಿ ಅಗೆದಿದ್ದರು.
ಮರಳಿನ ಗುಡ್ಡೆ. ಬಸ್ಸು ತಡ.
ಸುಮ್ಮನೆ ಒಂದು ಹಿಡಿ ತೆಗೆದು ಅಮುಕಿ
ಅಂಗೈ ಬಿಚ್ಚಿದೆ.
ಬೆರಳ ಗುರುತು ಹಾಗೇ ಉಳಿದಿತ್ತು.
ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು.
ಹೇಳಬಲ್ಲವನು
ಈ ವಾರ ಬಿಡುವಾಗಿದ್ದಾನೆ.