ಆರು ಜೇಬು

ಬಿಣಗಾ ತಿರುವಿನ ಅಂಗಡಿಗೆ ಬೋರ್ಡಿಲ್ಲ.
ಬಾಗಿಲಲ್ಲಿ ತಲೆಯಿಲ್ಲದ ಪ್ಲಾಸ್ಟಿಕ್ ಗಂಡಸೊಬ್ಬ
ಖಾಕಿ ತೊಟ್ಟು ನಿಂತಿದ್ದಾನೆ, ಅದೇ ಗುರುತು.
ಒಳಗೆ ಬೂಟು, ಬೆಲ್ಟು, ಹಸಿರು ನೀರಿನ ಬಾಟಲಿ,
ನುಸಿಗುಳಿಗೆಯ ವಾಸನೆ.

'ಯಾರಿಗೆ? ಯಜಮಾನರಿಗಾ?'
'ನಂಗೆ.'
ಬಾಂದೇಕರ ಕನ್ನಡಕ ಹಣೆಗೇರಿಸಿದ.
ಮೂಲೆಯಲ್ಲಿದ್ದ ಲಾರಿ ಕ್ಲೀನರ್ ಹುಡುಗ
ಬಾಯಿಗಿಟ್ಟ ಚಹಾ ಹಾಗೇ ಹಿಡಿದ.
'ನಾಟಕಕ್ಕಾ?'
'ಕಲ್ವಕ್ಕೆ.'

ಕಾಳಿ ಹೊಳೆ ಸಮುದ್ರ ಸೇರುವಲ್ಲಿ
ಸುಕತಿಯಾದರೆ ಬಂಡೆಗಳು ಬೆನ್ನು ತೋರಿಸುತ್ತವೆ.
ಕೈಯಲ್ಲಿ ಉಳಿ, ಸೊಂಟಕ್ಕೆ ಬುಟ್ಟಿ,
ಕಲ್ವದ ಅಂಚೋ, ಹೊಸ ಬ್ಲೇಡು.
ಇಪ್ಪತ್ತಾರು ವರ್ಷ ಕಚ್ಚೆ ಕಟ್ಟಿ ಇಳಿದಿದ್ದೇನೆ.
ತೊಡೆಯ ಗೀರುಗಳನ್ನು ಯಾರೂ ಎಣಿಸಿಲ್ಲ,
ನಾನೂ.
ನೆನೆದ ಸೀರೆಯ ಗುಣ ಏನೆಂದರೆ,
ಮುಳುಗುವವಳ ಕಾಲನ್ನು ಮೊದಲು ಹಿಡಿಯುವುದು ಅದೇ.
ಸುಭದ್ರಕ್ಕನದನ್ನು ಹಿಡಿದದ್ದೂ ಅದೇ,
ಹೋದ ವರ್ಷ, ಮಳೆಗೆ ಇನ್ನೂ ಎಂಟು ದಿನ ಇತ್ತು.

ಇದನ್ನೆಲ್ಲ ಅಂಗಡಿಯಲ್ಲಿ ಹೇಳಲಿಲ್ಲ.
'ಗಟ್ಟಿ ಇದ್ಯಾ?' ಎಂದೆ.

'ಮಿಲಿಟರಿ ಮಾಲು ಬಾಯಿ! ಮೂರು ಹೊಲಿಗೆ,
ಮೊಣಕಾಲಿಗೆ ಎರಡು ಪದರ.
ಹರಿದರೆ ನನ್ನ ಹೆಸರು ಬದಲು.'
ಮೀನಿನ ಕಿವಿ ಎತ್ತಿ ನೋಡಿದ ಹಾಗೆ
ಹೊಲಿಗೆ ಬಿಡಿಸಿ ನೋಡಿದೆ,
ಬೆರಳ ಸಂದಿಯಲ್ಲಿ ಬಟ್ಟೆ ತಿಕ್ಕಿದೆ.
'ಮಿಲಿಟರಿದೇ ಹೌದಾ?'
'ಅದರ ಹಾಂಗಿದ್ದದ್ದು.'
ಹಾಂಗಿದ್ದದ್ದಕ್ಕೆ ನೂರು ರೂಪಾಯಿ ಇಳಿಯಿತು.
ಅಂಗಿಗೆ ಇನ್ನೂ ನಲವತ್ತು.

ಅಳತೆಗೆ ಟೇಪು ಕೊಟ್ಟು ಆತ ಫ್ಯಾನು ನೋಡುತ್ತ ನಿಂತ.
ಹಗ್ಗದ ಸುರುಳಿಗಳ ಹಿಂದೆ, ಗೋಣಿ ಪರದೆಯಲ್ಲಿ,
ಜೀವನದಲ್ಲಿ ಮೊದಲ ಸಲ
ಎರಡು ಕಾಲು ಬೇರೆ ಬೇರೆಯಾದವು.

ಮತ್ತೆ ಆರು ಜೇಬು!
ಇಷ್ಟು ದಿನ ನನ್ನ ಜೇಬೆಂದರೆ
ಸೆರಗಿನ ಗಂಟು, ರವಿಕೆಯೊಳಗಿನ ಬೆವರಿದ ಪರ್ಸು.
ಗಂಡನ ಜೇಬು ಗೊತ್ತು, ಒಗೆಯುವ ಮೊದಲು ತಡಕಿದ್ದೇನೆ:
ಬೀಡಿ ಚೂರು, ಬಸ್ ಟಿಕೆಟು,
ಒಮ್ಮೆ ಯಾರದೋ ಫೋನ್ ನಂಬರು.
ಕೈ ಇಳಿಬಿಟ್ಟರೆ ತಳ ಸಿಗುತ್ತದೆ,
ತಣ್ಣಗೆ, ಖಾಲಿ, ನನ್ನದು.

ಬಣ್ಣ ಮಾತ್ರ ಹೊಸತಲ್ಲ.
ನಮ್ಮ ಊರು ಬೇಲಿಯೊಳಗೆ ಹೋದ ದಿನ
ನಮ್ಮ ಬಾವಿಕಟ್ಟೆಯ ಮೇಲೆ ಕೂತು
ಬುತ್ತಿ ಬಿಚ್ಚಿದ್ದು ಈ ಬಣ್ಣವೇ.
ಅಪ್ಪ ಅವರಿಗೆ ನೀರು ಸೇದಿ ಕೊಟ್ಟ.
ಯಾಕೆ ಕೊಟ್ಟೆ ಎಂದು ಆಯಿ
ಸಾಯುವವರೆಗೂ ಕೇಳಿದಳು.
'ಬಿಸಿಲಿತ್ತು' ಎನ್ನುತ್ತಿದ್ದ ಅವನು.

ಮೊದಲ ದಿನ ದಂಡೆಯಲ್ಲಿ ಹೆಂಗಸರು ಎದ್ದು ನಿಂತರು:
'ಬಂದ್ರು ಸಾಹೇಬ್ರು! ಓಡ್ರೇ, ಬೇಲಿ ಹಾಕ್ತಾರೆ!'
ನಗುತ್ತ ನಗುತ್ತ ಕುಮುದಿನಿಗೆ ಬಿಕ್ಕಳಿಕೆ ಹತ್ತಿತು.
ನಾನು ಸೆಲ್ಯೂಟು ಹೊಡೆದು ನೀರಿಗಿಳಿದೆ.
ಮೂರನೆಯ ಸುಕತಿಗೆ ಅದೇ ಕುಮುದಿನಿ
ಯಾರಿಗೂ ಕೇಳದ ಹಾಗೆ ಹತ್ತಿರ ಬಂದು,
'ಮೂವತ್ತಾರರ ಸೊಂಟದ್ದು ಇರ್ತದಾ ಅವನ ಹತ್ರ?'

ಸಂಜೆ ಹಗ್ಗಕ್ಕೆ ಹಾಕುತ್ತೇನೆ.
ಉಪ್ಪು ಕುಡಿದ ಬಟ್ಟೆ ಒಣಗಿ ಸೆಟೆದು,
ಗೋಡೆಗೆ ಒರಗಿಸಿದರೆ ತಾನೇ ನಿಲ್ಲುತ್ತದೆ,
ಸೊಂಟದ ಮೇಲೆ ಯಾರೂ ಇಲ್ಲದ ಕಾವಲುಗಾರ.
ಕಾಗೆ ಎರಡು ದಿನ ಹೆದರಿತು, ಈಗ ಹೆದರುವುದಿಲ್ಲ.

ಬಲತೊಡೆಯ ಜೇಬಿನ ತಳದಲ್ಲಿ
ಬೆರಳುಗುರಿನಷ್ಟು ಚೀಟಿ ಸಿಕ್ಕಿತು:
ಪರೀಕ್ಷಿಸಿದವರು, ಏಳು.
ಯಾವ ಊರಿನ ಏಳೋ, ಗಂಡೋ ಹೆಣ್ಣೋ,
ದಿನಕ್ಕೆಷ್ಟು ಜೇಬಿಗೆ ಕೈ ಹಾಕುತ್ತದೋ.
ನೀರಿನಲ್ಲಿ ಮಸಿ ಕದಡಿದೆ,
ಏಳು ಇನ್ನೂ ಏಳೇ ಇದೆ.
ಒಣಗಿಸಿ ಅಲ್ಲೇ ಇಟ್ಟೆ.
ಉಳಿದ ಐದರಲ್ಲಿ
ಉಳಿ, ಸುಣ್ಣದ ಡಬ್ಬಿ, ಬ್ಯಾಂಡೇಜು, ಎಲೆ ಅಡಿಕೆ.
ಒಂದರಲ್ಲಿ ಇನ್ನೂ ಏನೂ ಇಟ್ಟಿಲ್ಲ.